ಮೀಸೆ ನರೆತವನಿಗೂ ಮಾರ್ಕ್ಸ್ ಕಾರ್ಡ್ ಬೇಕಂತೆ!

ಕುಡಿಯುವುದು ಒಳ್ಳೆಯದೋ ಕೆಟ್ಟದ್ದೋ ಎಂಬ ವಾದ ಇಲ್ಲಿ ಬೇಡ. ಕುಡಿಯುವವನು ಕುಡಿಯುತ್ತಾನೆ, ಬೈಯುವ ಹೆಂಡತಿ ಬೈಯುತ್ತಾಳೆ, ಸರ್ಕಾರ ದುಡ್ಡು ಎಣಿಸಿಕೊಳ್ಳುತ್ತದೆ. ನಮ್ಮ ಪ್ರಶ್ನೆ ಬೇರೆ. ಈ ನಾಡಿನಲ್ಲಿ ಒಬ್ಬ ವಯಸ್ಕ ಮನುಷ್ಯ ತನ್ನ ದುಡ್ಡಿನಲ್ಲಿ ಒಂದು ಬಾಟಲಿ ಬಿಯರ್ ಕೊಳ್ಳಲು ಹೋದಾಗ ನಿನ್ನ ವಯಸ್ಸೆಷ್ಟು, ದಾಖಲೆ ತೋರಿಸು ಎಂದು ಕೇಳುವವರು ಯಾರು? ಯಾರನ್ನು ಕೇಳುತ್ತಾರೆ? ಯಾರನ್ನು ಕೇಳದೆ ಬಿಡುತ್ತಾರೆ?

ಬೆಂಗಳೂರಿನ ಯಾವುದೇ ದೊಡ್ಡ ಪಬ್ಬಿನ ಬಾಗಿಲಿಗೆ ಹೋಗಿ ನೋಡಿ. ಕಪ್ಪು ಅಂಗಿ ತೊಟ್ಟ ಬೌನ್ಸರ್ ಕೈ ಅಡ್ಡ ಹಿಡಿದು "ಐ.ಡಿ. ದಿಖಾವೋ" ಎನ್ನುತ್ತಾನೆ. ಎರಡು ಮಕ್ಕಳ ತಂದೆಯಾದರೂ ಸರಿ, ತಲೆ ಅರ್ಧ ಬೋಳಾಗಿದ್ದರೂ ಸರಿ. ಅದೇ ರಸ್ತೆಯ ಕೊನೆಯಲ್ಲಿ ಒಂದು ವೈನ್ ಸ್ಟೋರ್ ಇರುತ್ತದೆ. ಅಲ್ಲಿ ಕಬ್ಬಿಣದ ಸರಳಿನ ಕಿಂಡಿಯೊಳಗೆ ಮೀಸೆ ಚಿಗುರದ ಹುಡುಗ ಕೈ ತೂರಿಸಿದರೆ "ಕ್ವಾರ್ಟರ್ರಾ, ನೈಂಟಿಯಾ?" ಎಂದಷ್ಟೇ ಕೇಳುತ್ತಾರೆ. ಕಾನೂನು ಎರಡಕ್ಕೂ ಒಂದೇ. ಲೈಸೆನ್ಸ್ ಕೊಟ್ಟ ಇಲಾಖೆಯೂ ಒಂದೇ. ಬಾಗಿಲು ಮಾತ್ರ ಬೇರೆ!

ಕಾನೂನಾದರೂ ನೆಟ್ಟಗಿದೆಯೇ ಎಂದರೆ ಅದೂ ಇಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ 36ನೇ ಕಲಂ ಹೇಳುವುದು 18 ವರ್ಷದ ಮಾತು. ಅದೇ ಕಾಯ್ದೆಯಡಿ 1967ರಲ್ಲಿ ಬಂದ ಲೈಸೆನ್ಸಿನ ಸಾಮಾನ್ಯ ಷರತ್ತುಗಳ ನಿಯಮ ಹೇಳುವುದು 21 ವರ್ಷದ ಮಾತು. ತಾಯಿ ಹದಿನೆಂಟು ಅಂದರೆ ಮಗಳು ಇಪ್ಪತ್ತೊಂದು ಅನ್ನುತ್ತಾಳೆ. ಅರ್ಧ ಶತಮಾನ ಹೀಗೇ ನಡೆದುಕೊಂಡು ಬಂತು. ಯಾವ ಸರ್ಕಾರಕ್ಕೂ ಇದು ತಲೆನೋವು ಅನ್ನಿಸಲಿಲ್ಲ. 2023ರ ಜನವರಿಯಲ್ಲಿ ಇದ್ದಕ್ಕಿದ್ದಂತೆ ಎಚ್ಚರವಾಗಿ, ನಿಯಮದಲ್ಲಿರುವ 21ನ್ನು ತೆಗೆದು 18 ಮಾಡುತ್ತೇವೆ ಎಂದು ಕರಡು ಅಧಿಸೂಚನೆ ಹೊರಡಿಸಿದರು. ಜನ ಉಗಿದರು. ಅದೇ ತಿಂಗಳಲ್ಲಿ ಬಾಲ ಮುದುರಿ ಹಿಂದಕ್ಕೆ ಪಡೆದರು. ಸರಿ, ಹಿಂದಕ್ಕೆ ಪಡೆದದ್ದು ಒಳ್ಳೆಯದೇ ಆಯಿತು. ಆದರೆ ಹಾಗಾದರೆ 21 ಎಂದು ಕಾಯ್ದೆಯಲ್ಲೇ ಬರೆದು ಗೊಂದಲ ಮುಗಿಸುತ್ತೇವೆ ಎಂದು ಯಾರಾದರೂ ಅಂದರೇ? ಊಹೂಂ.

ಹದಿನೆಂಟಕ್ಕೆ ಓಟು ಹಾಕಬಹುದು. 1988ರ 61ನೇ ತಿದ್ದುಪಡಿ ಓಟಿನ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿತು. ಹದಿನೆಂಟಕ್ಕೆ ಜಮೀನು ಬರೆಸಿಕೊಳ್ಳಬಹುದು, ಕಾರು ಓಡಿಸಬಹುದು. ಹಾಗಿರುವಾಗ ಮುಖ್ಯಮಂತ್ರಿಯನ್ನು ಆರಿಸಬಲ್ಲವನು ಬಿಯರ್ ಆರಿಸಬಾರದೇ ಎಂದು ಕೆಲವು ಹುಡುಗರು ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ. ನಮ್ಮ ಅಭಿಪ್ರಾಯ ಕೇಳಿದರೆ 21 ಇರಲಿ. ಓಟು ಹಾಕಿ ಯಾರೂ ಬೈಕಿನಿಂದ ಬಿದ್ದು ಸಾಯುವುದಿಲ್ಲ. ಆದರೆ 21 ಎಂದರೆ 21 ಆಗಿರಬೇಕು. ಕಾರಿನಲ್ಲಿ ಬಂದವನಿಗೆ ಹತ್ತೊಂಬತ್ತು, ನಡೆದು ಬಂದವನಿಗೆ ಮೂವತ್ತೈದು ಎಂದಾಗಬಾರದು.

ಹೀಗೆ ಹೇಳಲು ಕಾರಣವಿದೆ. ನಮ್ಮ ಓದುಗರೊಬ್ಬರು ಹಾಸನದ ಕಡೆಯವರು, ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಆಳು ಕುಳ್ಳು, ತೆಳ್ಳಗೆ. ಜತೆಯವನೊಬ್ಬ ಕೆಲಸ ಬಿಟ್ಟು ಹೋಗುವಾಗ ಎಲ್ಲರೂ ಸೇರಿ ಒಂದು ಪಬ್ಬಿಗೆ ಹೋದರಂತೆ. ಬಾಗಿಲಲ್ಲಿ ಇವರೊಬ್ಬರನ್ನೇ ನಿಲ್ಲಿಸಿದರು. ಜೇಬಿನಲ್ಲಿದ್ದದ್ದು ಹಳೆಯ ಮತದಾರರ ಗುರುತಿನ ಚೀಟಿ. ಆ ಹಳೆಯ ಚೀಟಿಗಳಲ್ಲಿ ಹೇಗೆ ಬರೆದಿರುತ್ತದೆ ನಿಮಗೆ ಗೊತ್ತು: ಇಂಥ ವರ್ಷದ ಜನವರಿ 1ಕ್ಕೆ ವಯಸ್ಸು ಇಷ್ಟು ಎಂದು. ಇವರದರಲ್ಲಿ 1-1-2008ಕ್ಕೆ 18 ಎಂದಿತ್ತು. ಬಾಗಿಲಿನವನಿಗೆ ಕನ್ನಡ ಬಾರದು, ಲೆಕ್ಕವೂ ಬಾರದು. 18 ಎಂಬ ಅಂಕಿ ಮಾತ್ರ ಕಂಡಿತು. "ಅಠಾರಾ ಹೈ, ಇಕ್ಕೀಸ್ ಚಾಹಿಯೇ" ಎಂದು ಪಕ್ಕಕ್ಕೆ ಸರಿಸಿದ! ಅವನ ಹಿಂದೆಯೇ ಇಂಗ್ಲಿಷ್ ಮಾತಾಡಿಕೊಂಡು, ಕೈಯಲ್ಲಿ ಕಾರಿನ ಕೀಲಿ ತಿರುಗಿಸಿಕೊಂಡು ಬಂದ ಕಾಲೇಜು ಹುಡುಗರ ಗುಂಪಿಗೆ ಸಲಾಮು ಹೊಡೆದು ಒಳಗೆ ಬಿಟ್ಟ.

ಹದಿನೇಳು ವರ್ಷ ಹಿಂದಿನ ವಯಸ್ಸು ಓದಿ ಇವತ್ತಿನ ಮನುಷ್ಯನನ್ನು ಹೊರಗೆ ಹಾಕಿದರಲ್ಲ, ಇದಕ್ಕೆ ಏನು ಹೇಳುವುದು ಸ್ವಾಮಿ? ಜತೆಯವರು ಒಳಗೆ ಹೋಗಿದ್ದಾರೆ, ಇವರು ಬೀದಿಯಲ್ಲಿ. ಸಂಬಳದಿಂದ ಊರಿನ ಸಾಲ ತೀರಿಸಿದ, ತಂಗಿಯ ಮದುವೆ ಮಾಡಿದ ಗಂಡಸು ಬಸ್ ಹಿಡಿದು ಮನೆಗೆ ಹೋದ. ಆ ಬೌನ್ಸರನ್ನು ನಾವು ಬೈಯುವುದಿಲ್ಲ. ಅವನೂ ಹೊಟ್ಟೆಪಾಡಿಗೆ ಎಲ್ಲಿಂದಲೋ ಬಂದವನು, ಮಾಲೀಕ ಹೇಳಿದ್ದನ್ನು ಮಾಡುತ್ತಾನೆ. ಕನ್ನಡ ನಾಡಿನಲ್ಲಿ ಜನರ ದಾಖಲೆ ಪರೀಕ್ಷಿಸುವ ಕೆಲಸಕ್ಕೆ ಕನ್ನಡ ಓದಲು ಬಾರದವನನ್ನು ನಿಲ್ಲಿಸಿದ ಮಾಲೀಕನನ್ನು ಬೈಯಬೇಕು. ಪರೀಕ್ಷಕನಿಗೇ ಅಕ್ಷರ ಬಾರದಿದ್ದರೆ ಪಾಸು ಯಾರು, ಫೇಲು ಯಾರು?

ಇನ್ನು ದಾಖಲೆಯ ಕಥೆಗೆ ಬನ್ನಿ. ಕನ್ನಡ ನಾಡಿನ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ಅರ್ಧಕ್ಕರ್ಧ ಜನ ಜೂನ್ 1ರಂದೇ ಹುಟ್ಟಿದಂತೆ ಕಾಣುತ್ತದೆ. ಶಾಲೆಗೆ ಸೇರಿಸಲು ಹೋದಾಗ ಮೇಷ್ಟ್ರು ಹುಡುಗನ ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿಸುತ್ತಿದ್ದರು. ಮುಟ್ಟಿತೇ? ವಯಸ್ಸಾಯಿತು. ಬರೆದುಕೋ, ಜೂನ್ 1. ಅವ್ವನ ನೆನಪಿನಲ್ಲಿ ಹುಟ್ಟಿದ್ದು ಕಾರಹುಣ್ಣಿಮೆಯ ಮಾರನೇ ದಿನ, ಕೆಂಚ ಹೋರಿ ಸತ್ತ ವರ್ಷ. ಮೇಷ್ಟ್ರ ಪುಸ್ತಕದಲ್ಲಿ ಜೂನ್ 1. ಅದೇ ಮುಂದೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿಗೆ ಬಂತು. ನೌಕರಿ, ನಿವೃತ್ತಿ, ಪಿಂಚಣಿ ಎಲ್ಲವೂ ಅದರ ಮೇಲೆಯೇ ನಡೆಯಿತು. ಈ ನಾಡಿನ ಮಧ್ಯವಯಸ್ಕನೊಬ್ಬನ ಹುಟ್ಟಿದ ದಿನ ಎಂದರೆ ಎಷ್ಟೋ ಸಲ ಒಬ್ಬ ಮೇಷ್ಟ್ರ ಅಂದಾಜು, ಅಷ್ಟೆ.

ಆಮೇಲೆ ಬಂತು ಆಧಾರ್. ದಾಖಲೆ ಇಲ್ಲದವರು ಬಾಯಲ್ಲಿ ಹೇಳಿದ ವಯಸ್ಸನ್ನೇ ಬರೆದುಕೊಂಡರು. ಮೊದಮೊದಲ ಎಷ್ಟೋ ಕಾರ್ಡುಗಳಲ್ಲಿ ಹುಟ್ಟಿದ ವರ್ಷ ಮಾತ್ರ ಇತ್ತು, ದಿನಾಂಕವೇ ಇರಲಿಲ್ಲ. ಈಗ ಪಬ್ಬಿನ ಬಾಗಿಲಲ್ಲಿ, ಲಾಡ್ಜಿನ ಕೌಂಟರಿನಲ್ಲಿ, ಎಲ್ಲಿ ನೋಡಿದರಲ್ಲಿ ಆಧಾರ್ ತೋರಿಸು ಎನ್ನುತ್ತಾರೆ. ತಮಾಷೆ ಏನೆಂದರೆ, ಆಧಾರ್ ಗುರುತಿಗೆ ಮಾತ್ರ, ಹುಟ್ಟಿದ ದಿನಾಂಕಕ್ಕೆ ಪುರಾವೆಯಲ್ಲ ಎಂದು ಅದನ್ನು ಕೊಡುವ ಪ್ರಾಧಿಕಾರವೇ ಹೇಳಿದೆ. 2024ರ ಜನವರಿಯಲ್ಲಿ ಭವಿಷ್ಯನಿಧಿ ಸಂಸ್ಥೆ ಜನ್ಮದಿನಾಂಕದ ದಾಖಲೆಗಳ ಪಟ್ಟಿಯಿಂದ ಆಧಾರನ್ನು ಕಿತ್ತುಹಾಕಿತು. ಅದೇ ವರ್ಷ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಅಪಘಾತ ಪರಿಹಾರದ ಮೊಕದ್ದಮೆಯೊಂದರಲ್ಲಿ, ವಯಸ್ಸಿಗೆ ಆಧಾರ್ ನಂಬಬೇಡಿ, ಶಾಲೆಯ ಪ್ರಮಾಣಪತ್ರ ನೋಡಿ ಎಂದಿತು. ಸತ್ತವನ ಮನೆಯವರಿಗೆ ಪರಿಹಾರ ಕೊಡಲು ಸಾಲದ ಕಾಗದ ಬದುಕಿದವನಿಗೆ ಬಿಯರ್ ಕೊಡಲು ಸಾಕಂತೆ! ಹಾಗಂತ ಕುಡಿಯಲು ಹೋಗುವವನು ಟಿ.ಸಿ. ಮಡಚಿ ಜೇಬಿನಲ್ಲಿಟ್ಟುಕೊಂಡು ಹೋಗಬೇಕೇ?

ಇದಕ್ಕಿಂತ ಅಪಾಯದ ಸಂಗತಿ ಇನ್ನೊಂದಿದೆ. ಕೆಲವು ಕಡೆ ಕಾರ್ಡು ನೋಡಿ ವಾಪಸು ಕೊಡುವುದಿಲ್ಲ. ಮೊಬೈಲಿನಲ್ಲಿ ಫೋಟೊ ಹೊಡೆದುಕೊಳ್ಳುತ್ತಾರೆ, ಜೆರಾಕ್ಸ್ ಇಟ್ಟುಕೊಳ್ಳುತ್ತಾರೆ. ಯಾರ ಮೊಬೈಲು, ಯಾರ ಕೈಗೆ ಹೋಗುತ್ತದೆ, ಕೇಳುವವರಿಲ್ಲ. 2022ರ ಮೇ ತಿಂಗಳಲ್ಲಿ ಆಧಾರ್ ಜೆರಾಕ್ಸನ್ನು ಕಂಡಕಂಡವರಿಗೆ ಕೊಡಬೇಡಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿ ಕೊಡಿ ಎಂದು ಪ್ರಾಧಿಕಾರದ ಬೆಂಗಳೂರು ಕಚೇರಿಯೇ ಎಚ್ಚರಿಕೆ ಹೊರಡಿಸಿತ್ತು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಅದನ್ನು ವಾಪಸು ಪಡೆಯಿತು. ಎಚ್ಚರಿಕೆ ಹೋಯಿತು, ಅಪಾಯ ಹೋಗಲಿಲ್ಲ. ವಯಸ್ಸು ನೋಡಲು ಕಣ್ಣು ಸಾಕು, ಕ್ಯಾಮೆರಾ ಯಾಕೆ ಬೇಕು?

ಹೊರದೇಶದಲ್ಲಿ ಇದನ್ನು ಹೇಗೆ ಮಾಡುತ್ತಾರೆ ನೋಡಿ. ಬ್ರಿಟನ್ನಿನಲ್ಲಿ ಕುಡಿತ ಕೊಳ್ಳುವ ವಯಸ್ಸು 18. ಆದರೆ ಅಂಗಡಿಯವರು 25ಕ್ಕಿಂತ ಚಿಕ್ಕವರಂತೆ ಕಾಣುವ ಎಲ್ಲರನ್ನೂ ದಾಖಲೆ ಕೇಳುತ್ತಾರೆ. ಸ್ಕಾಟ್ಲೆಂಡಿನಲ್ಲಿ 2011ರಿಂದ ಅದು ಕಾನೂನೇ ಆಗಿದೆ. ಅಮೆರಿಕದ ಟೆನೆಸಿ ರಾಜ್ಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 2007ರಲ್ಲಿ ಅಂಗಡಿಯಲ್ಲಿ ಬಿಯರ್ ಕೊಳ್ಳುವ ಪ್ರತಿಯೊಬ್ಬರ ಗುರುತು ನೋಡಬೇಕೆಂದಿತು. ಗಡ್ಡ ಬೆಳ್ಳಗಾದ ಅಜ್ಜನೂ ಕಾರ್ಡು ತೋರಿಸಬೇಕಾಯಿತು. ಅಜ್ಜಂದಿರು ಗೊಣಗಿದರು, ಆಮೇಲೆ ಮುದುಕರಿಗೆ ಸ್ವಲ್ಪ ಸಡಿಲಿಸಿದರು. ಅಲ್ಲಿರುವ ನಮ್ಮ ಹುಡುಗರು ಮೊದಲ ಸಲ ಇದನ್ನು ಕಂಡು ಬೇಜಾರಾಗುತ್ತಾರೆ. ಆದರೆ ಹಿಂದೆ ನಿಂತ ಬಿಳಿಯನನ್ನೂ ಹಾಗೆಯೇ ಕೇಳುವುದನ್ನು ನೋಡಿದ ಮೇಲೆ ಸುಮ್ಮನಾಗುತ್ತಾರೆ. ಎಲ್ಲರನ್ನೂ ಕೇಳಿದರೆ ಅದು ನಿಯಮ. ನನ್ನೊಬ್ಬನನ್ನೇ ಕೇಳಿದರೆ ಅವಮಾನ.

ನಮ್ಮ ಗಡಿಗಳಲ್ಲಿ ಇನ್ನೊಂದು ಚೆಂದ. ತಲಪಾಡಿ ದಾಟಿ ಮಂಜೇಶ್ವರಕ್ಕೆ ಕಾಲಿಟ್ಟರೆ ವಯಸ್ಸು 23. ಕೇರಳ 2017ರಲ್ಲಿ 21ರಿಂದ ಏರಿಸಿತು. ನಿಪ್ಪಾಣಿ ದಾಟಿ ಕಾಗಲಿಗೆ ಹೋದರೆ ಬಿಯರಿಗೆ 21, ಕಡುಮದ್ಯಕ್ಕೆ 25, ಅದರ ಮೇಲೆ ಕುಡಿಯಲು ಪರ್ಮಿಟ್ ಬೇರೆ. ಮಂಗಳೂರಿನಲ್ಲಿ ಓದುವ ಕಾಸರಗೋಡಿನ ಇಪ್ಪತ್ತೆರಡರ ಕನ್ನಡ ಹುಡುಗ ಬೆಳಗ್ಗೆ ಬಸ್ಸು ಹತ್ತುವಾಗ ಚಿಕ್ಕವನು, ಇಳಿಯುವಾಗ ದೊಡ್ಡವನು!

ಈಗ ಸರ್ಕಾರದ ಪಾತ್ರ. ಇಲ್ಲಿ ಸಗಟು ವ್ಯಾಪಾರ ಮಾಡುವುದು ಸರ್ಕಾರದ್ದೇ ಪಾನೀಯ ನಿಗಮ, 2003ರಿಂದ. ಚಿಲ್ಲರೆಯಲ್ಲೂ ಎಂ.ಎಸ್.ಐ.ಎಲ್. ಮಳಿಗೆಗಳಿವೆ. ಮಕ್ಕಳಿಗೆ ಲೇಖಕ್ ನೋಟ್‌ಬುಕ್ ಮಾರುವ ಅದೇ ಎಂ.ಎಸ್.ಐ.ಎಲ್.! 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ ಇಟ್ಟುಕೊಂಡ ಗುರಿ 40 ಸಾವಿರ ಕೋಟಿ ರೂಪಾಯಿ. ಹೆಚ್ಚು ಮಾರು ಎಂದು ಒಂದು ಕೈ ಬೆನ್ನು ತಟ್ಟುವಾಗ, ವಯಸ್ಸು ನೋಡಿ ಮಾರು ಎಂದು ಇನ್ನೊಂದು ಕೈ ಕಿವಿ ಹಿಂಡುತ್ತದೆಯೇ? 2019ರ ಜನವರಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಮದ್ಯ ನಿಷೇಧಿಸಿ ಎಂದು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಬಂದರು. ಹೆಚ್ಚಿನವರು ಹಳ್ಳಿಯ ಕೂಲಿ ಹೆಂಗಸರು. ನಿಷೇಧ ಆಗುವ ಮಾತಲ್ಲ ಎಂದು ಸರ್ಕಾರ ಕೈಯಾಡಿಸಿತು. ಆಯಿತು, ನಿಷೇಧ ಬೇಡ. ಆ ತಾಯಂದಿರ ಹದಿನಾರು ವರ್ಷದ ಮಗನಿಗೆ ಕಿಂಡಿಯಲ್ಲಿ ಪ್ಯಾಕೆಟ್ ಕೊಡುವುದನ್ನಾದರೂ ನಿಲ್ಲಿಸಬಹುದಿತ್ತಲ್ಲ? ಅದಕ್ಕೆ ಹೊಸ ಕಾನೂನೂ ಬೇಡ. ಹದಿನೆಂಟು ತುಂಬದವರಿಗೆ ಮದ್ಯ ಕೊಟ್ಟವರಿಗೆ 7 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ ಎಂದು 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಂ ಹೇಳುತ್ತದೆ. ನಿಮ್ಮೂರಿನಲ್ಲಿ ಯಾವ ವೈನ್ ಸ್ಟೋರಿನವನಾದರೂ ಈ ಕಲಮಿನಲ್ಲಿ ಒಳಗೆ ಹೋದದ್ದನ್ನು ನೀವು ಕೇಳಿದ್ದೀರಾ?

2024ರ ನವೆಂಬರಿನಲ್ಲಿ ಮದ್ಯ ಮಾರುವ ಕಡೆಗಳಲ್ಲೆಲ್ಲ ವಯಸ್ಸು ಪರಿಶೀಲನೆ ಕಡ್ಡಾಯ ಮಾಡಿ ಎಂಬ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು ಕೇಂದ್ರಕ್ಕೆ ನೋಟಿಸ್ ಕೊಟ್ಟಿತು. ದೆಹಲಿಯಿಂದ ಬರಲಿ ಎಂದು ನಾವು ಕಾಯುವುದು ಯಾಕೆ? ಲೈಸೆನ್ಸ್ ನಮ್ಮದು, ಇಲಾಖೆ ನಮ್ಮದು, ನಿಯಮ ಬರೆಯುವ ಅಧಿಕಾರ ನಮ್ಮ ವಿಧಾನಸೌಧದ್ದು. ಮೂವತ್ತಕ್ಕಿಂತ ಚಿಕ್ಕವನಂತೆ ಕಾಣುವ ಪ್ರತಿಯೊಬ್ಬನನ್ನೂ ಕೇಳಿ. ಪಬ್ಬಿನ ಗಾಜಿನ ಬಾಗಿಲಲ್ಲೂ ಕೇಳಿ, ವೈನ್ ಸ್ಟೋರಿನ ಕಿಂಡಿಯಲ್ಲೂ ಕೇಳಿ. ಡ್ರೈವಿಂಗ್ ಲೈಸೆನ್ಸ್, ಮತದಾರರ ಚೀಟಿ, ಪಾಸ್‌ಪೋರ್ಟ್, ಮಾರ್ಕ್ಸ್ ಕಾರ್ಡ್, ಯಾವುದು ನಡೆಯುತ್ತದೆ ಎಂದು ಇಲಾಖೆಯೇ ಪಟ್ಟಿ ಮಾಡಿ ಹಾಕಲಿ. ಕಾರ್ಡು ನೋಡಿ ಅಲ್ಲೇ ವಾಪಸು ಕೊಡಲಿ. ನೋಡುವವನಿಗೆ ಕನ್ನಡ ಓದಲು ಬರಲಿ. ಬಾರದಿದ್ದರೆ ಅವನಿಗೆ ಕಲಿಸುವ ಹೊಣೆ ಲೈಸೆನ್ಸುದಾರನದ್ದು, ಗಿರಾಕಿಯದ್ದಲ್ಲ.

ನಾಮಫಲಕಗಳಲ್ಲಿ ಶೇಕಡಾ 60 ಕನ್ನಡ ಇರಬೇಕು ಎಂದು 2024ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದ ಸರ್ಕಾರ ಇದಕ್ಕೂ ಒಂದು ಬೋರ್ಡು ಬರೆಸಲಿ: 21 ತುಂಬದವರಿಗೆ ಇಲ್ಲಿ ಮದ್ಯ ಕೊಡುವುದಿಲ್ಲ, ದಾಖಲೆ ಎಲ್ಲರನ್ನೂ ಕೇಳುತ್ತೇವೆ ಎಂದು, ಗೇಣುದ್ದದ ಕನ್ನಡ ಅಕ್ಷರದಲ್ಲಿ. ಮೊದಲ ಬೋರ್ಡು ಎಂ.ಎಸ್.ಐ.ಎಲ್. ಮಳಿಗೆಯ ಕಿಂಡಿಯ ಮೇಲೆ ಬೀಳಲಿ. ನಿಮ್ಮೂರಿನ ಅಂಗಡಿಯಲ್ಲಿ ಅಂಥ ಬೋರ್ಡು ಇದೆಯೇ, ಇದ್ದರೆ ಯಾವ ಭಾಷೆಯಲ್ಲಿದೆ, ಅದರ ಕೆಳಗೆ ನಿಂತ ಹುಡುಗನನ್ನು ಯಾರಾದರೂ ಏನಾದರೂ ಕೇಳಿದರೇ, ನೋಡಿ ನಮಗೆ ಬರೆಯಿರಿ.