ನಿಮ್ಮ ಡ್ರಿಲ್ ಮಷೀನ್ ಎಷ್ಟು ತೂತು ಕೊರೆದಿದೆ?

ನಿಮ್ಮ ಮನೇಲಿ ಡ್ರಿಲ್ ಮಷೀನ್ ಇದೆಯಾ? ಇದ್ದರೆ ಒಂದು ಕೆಲಸ ಮಾಡಿ. ಅದು ಬಂದ ದಿನದಿಂದ ಇವತ್ತಿನವರೆಗೆ ಎಷ್ಟು ತೂತು ಕೊರೆದಿದೆ ಅಂತ ಗೋಡೆ ನೋಡಿಕೊಂಡು ಎಣಿಸಿ.

ನಾನು ಎಣಿಸಿದೆ. ಒಟ್ಟು 11. ನಾಲ್ಕು ಟಿವಿಗೆ, ನಾಲ್ಕು ಕರ್ಟನ್ ರಾಡಿಗೆ, ಎರಡು ಕನ್ನಡಿಗೆ, ಒಂದು ಗಡಿಯಾರಕ್ಕೆ. ಗಡಿಯಾರದ್ದು ಸೊಟ್ಟ ಆಯ್ತು, ಅದರ ಮೇಲೆ ಕ್ಯಾಲೆಂಡರ್ ನೇತುಹಾಕಿದ್ದೇನೆ. ಮಷೀನಿಗೆ ಕೊಟ್ಟದ್ದು 3,200 ರೂಪಾಯಿ. ಅಂದರೆ ಒಂದು ತೂತಿಗೆ ಸುಮಾರು 290 ರೂಪಾಯಿ. ಎಲೆಕ್ಟ್ರಿಷಿಯನ್ನನ್ನು ಕರೆಸಿದ್ದರೆ ಇಷ್ಟು ದುಡ್ಡಿಗೆ ತೂತೂ ಕೊರೆದು, ಎರಡು ಸ್ವಿಚ್ಚೂ ಸರಿ ಮಾಡಿ, ಕಾಫಿ ಕುಡಿದು ಹೋಗುತ್ತಿದ್ದರು.

ಇದು ಬರೀ ಮಷೀನಿನ ಲೆಕ್ಕ. ಅದನ್ನು ಇಟ್ಟಿರುವ ಜಾಗದ ಲೆಕ್ಕ ಬೇರೆ. ನಮ್ಮ ಫ್ಲ್ಯಾಟಿನ ಸ್ಟೋರ್ ರೂಮು 25 ಚದರಡಿ. ಚದರಡಿಗೆ 7,000 ರೂಪಾಯಿಯಂತೆ ತಗೊಂಡ ಮನೆ. ಅಲ್ಲಿಗೆ 1,75,000 ರೂಪಾಯಿಯ ರೂಮಿನಲ್ಲಿ ಒಂದು ಡ್ರಿಲ್ ಮಷೀನು, ಒಂದು ಟೆಂಟು (ಕುಮಾರಪರ್ವತಕ್ಕೆ ಒಂದೇ ಸಲ ಹೋಗಿದ್ದು), ಇಪ್ಪತ್ತನಾಲ್ಕು ಇಡ್ಲಿ ಬೇಯಿಸುವ ಸ್ಟ್ಯಾಂಡು, ಅಪ್ಪನ ಮಂಡಿ ಆಪರೇಷನ್ ಆದಾಗ ಆರು ವಾರ ಉಪಯೋಗಿಸಿದ ವಾಕರ್ ಆರಾಮಾಗಿ ಮಲಗಿವೆ. ಅವುಗಳ ವಾಸಕ್ಕೆ ನಾನು ಇಪ್ಪತ್ತು ವರ್ಷ ಇಎಂಐ ಕಟ್ಟುತ್ತಿದ್ದೇನೆ. ನನಗಿಂತ ಸುಖವಾಗಿರುವುದು ಅವೇ.

ನಗಬೇಡಿ. ನಿಮ್ಮ ಲಾಫ್ಟ್ ಮೇಲೂ ಇಂಥದ್ದೇ ಸಂಸಾರ ಇದೆ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ 72 ಮನೆ. ಯಾರ್ಯಾರ ಹತ್ತಿರ ಡ್ರಿಲ್ ಇದೆ ಅಂತ ಒಂದು ದಿನ ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದೆ. 41 ಮನೆಯವರು ಇದೆ ಅಂದರು. ಒಂದೇ ಕಾಂಪೌಂಡಿನೊಳಗೆ 41 ಡ್ರಿಲ್! ಎಲ್ಲವನ್ನೂ ಒಟ್ಟಿಗೆ ಶುರು ಮಾಡಿದರೆ ಕಟ್ಟಡವೇ ಉದುರಿ ಹೋದೀತು. ಆದರೂ ಹೊಸದಾಗಿ ಬಂದ ಹುಡುಗ ಕನ್ನಡಿ ಹಾಕೋದಕ್ಕೆ ಪಕ್ಕದ ಮನೆ ಬಾಗಿಲು ತಟ್ಟಲಿಲ್ಲ. ಫೋನ್ ತೆಗೆದು ನಲವತ್ತೆರಡನೆಯದನ್ನು ಆರ್ಡರ್ ಮಾಡಿದ.

ಯಾಕೆ? ಕೇಳಿದರೆ ನಾವೆಲ್ಲ ಹೇಳೋ ಮಾತು ಒಂದೇ. “ಯಾರ ಹಂಗೂ ಬೇಡಪ್ಪ.”

ಈ ಹಂಗಿನ ಬಗ್ಗೆ ಸ್ವಲ್ಪ ಜಗಳ ಆಡಬೇಕಿದೆ.

ನಮ್ಮ ಭಾಷೆಯಲ್ಲಿ ಇಸಕೊಳ್ಳೋದಕ್ಕೆ ಎಷ್ಟು ಪದ ಇದೆ ನೋಡಿ. ದುಡ್ಡಾದರೆ ಸಾಲ. ಬಡ್ಡಿ ಇಲ್ಲದೆ ನಾಲ್ಕು ದಿನಕ್ಕೆ ಅಂತಾದರೆ ಕೈಗಡ. ಸಕ್ಕರೆ, ಕಾಫಿಪುಡಿ ಆದರೆ ಕಡ. ತಗೊಂಡ ವಸ್ತುವನ್ನೇ ವಾಪಸ್ ಕೊಡೋದಾದರೆ ಎರವಲು. ಇಷ್ಟು ಪದ ಇಟ್ಟುಕೊಂಡಿರುವ ಜನ ದಿನಾ ಇಸಕೊಂಡೇ ಬದುಕಿದವರು. ಆ ಪದಗಳಲ್ಲಿ ಈಗ ನಮ್ಮ ಕೈಯಲ್ಲಿ ಉಳಿದಿರೋದು ಸಾಲ ಮಾತ್ರ, ಅದೂ ಬ್ಯಾಂಕಿನದು. ಪಕ್ಕದ ಮನೆಯ ಏಣಿ ಕೇಳೋಕೆ ನಾಚಿಕೆ. ಕ್ರೆಡಿಟ್ ಕಾರ್ಡಿನಲ್ಲಿ ಆರು ಕಂತು ಮಾಡಿ ಏಣಿ ಕೊಳ್ಳೋಕೆ ನಾಚಿಕೆ ಇಲ್ಲ. ಹಂಗು ಎಲ್ಲೂ ಹೋಗಿಲ್ಲ ಸ್ವಾಮಿ, ಪಕ್ಕದ ಮನೆಯಿಂದ ಬ್ಯಾಂಕಿಗೆ ಶಿಫ್ಟ್ ಆಗಿದೆ, ಅಷ್ಟೇ.

ಹಾಗಂತ “ಹಿಂದಿನ ಕಾಲ ಎಷ್ಟು ಚೆನ್ನಾಗಿತ್ತು, ವಠಾರದಲ್ಲಿ ಎಲ್ಲರೂ ಒಂದೇ ಮನೆಯವರ ಹಾಗೆ ಇದ್ದರು” ಅಂತ ರಾಗ ಎಳೆಯೋಕೆ ನಾನು ತಯಾರಿಲ್ಲ. ನಮ್ಮಮ್ಮ ಬೆಳೆದದ್ದು ವಠಾರದಲ್ಲೇ. ಅಲ್ಲಿ ಚಕ್ಕುಲಿ ಒರಳು, ಶ್ಯಾವಿಗೆ ಒತ್ತೋ ಮಣೆ ಮನೆಯಿಂದ ಮನೆಗೆ ತಿರುಗುತ್ತಿದ್ದವು ಅನ್ನೋದು ನಿಜ. ಆದರೆ ಯಾವ ಮನೆಯಿಂದ ಯಾವ ಮನೆಗೆ? ಅಜ್ಜಿ ಕೆಲವರಿಗೆ ಒರಳು ಕೊಡುತ್ತಿದ್ದರು. ಕೆಲವರಿಗೆ ಸಕ್ಕರೆ ಕೊಡುತ್ತಿದ್ದರು, ಪಾತ್ರೆ ಕೊಡುತ್ತಿರಲಿಲ್ಲ. ಇನ್ನು ಕೆಲವರು ಕೇಳೋದಕ್ಕೆ ಹೊಸ್ತಿಲವರೆಗೂ ಬರುವ ಹಾಗಿರಲಿಲ್ಲ. ಆ ಕಾಲದ ಎರವಲಿಗೆ ಜಾತಿಯ ಗೆರೆ ಇತ್ತು. ಕೊಡೋದು ಬಿಡೋದು ಕೊಡುವವರ ಮನಸ್ಸಿಗೆ ಬಿಟ್ಟದ್ದು. ಇಸಕೊಂಡವರು ಆಮೇಲೆ ತಗ್ಗಿ ನಡೆಯಬೇಕಿತ್ತು. ಅಂಥ ಹಂಗು ಬೇಡ ಅಂದವರನ್ನು ನಾನು ಬೈಯೋದಿಲ್ಲ.

ಅದಕ್ಕೇ ವಸ್ತುಗಳ ಲೈಬ್ರರಿ ನನಗೆ ಇಷ್ಟವಾದದ್ದು. ಪುಸ್ತಕ ಎರವಲು ತರೋ ಹಾಗೆ ಏಣಿ, ಡ್ರಿಲ್, ವಾಕರ್ ಎರವಲು ತರೋದು. ರಿಜಿಸ್ಟರಿನಲ್ಲಿ ಹೆಸರು ಬರೆದು ತಗೊಂಡು ಹೋದರೆ ಯಾರ ಮುಂದೆಯೂ ಹಲ್ಲು ಗಿಂಜಬೇಕಿಲ್ಲ. ರಿಜಿಸ್ಟರಿನಲ್ಲಿ ಹೆಸರಿಗೆ, ತಾರೀಖಿಗೆ, ವಸ್ತುವಿಗೆ ಕಾಲಂ ಇದೆ. ಜಾತಿಗೆ ಕಾಲಂ ಇಲ್ಲ. ದಯೆಗೂ ಇಲ್ಲ.

ಇದೇನೂ ಹೊಸ ಕನಸಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದ ಬರ್ಕ್ಲಿ ಊರಿನ ಸಾರ್ವಜನಿಕ ಗ್ರಂಥಾಲಯ 1979ರಿಂದ ಪುಸ್ತಕದ ಜೊತೆ ಸುತ್ತಿಗೆ, ಗರಗಸ, ಏಣಿಗಳನ್ನೂ ಎರವಲು ಕೊಡುತ್ತಿದೆ. ಅಷ್ಟು ದೂರ ಯಾಕೆ, ಬೆಂಗಳೂರಿನಲ್ಲೇ ಅದಮ್ಯ ಚೇತನ ಸಂಸ್ಥೆಯ ಪ್ಲೇಟ್ ಬ್ಯಾಂಕ್ ಇದೆ. ಸಮಾರಂಭಗಳಿಗೆ ಸ್ಟೀಲ್ ತಟ್ಟೆ, ಲೋಟ ಕೊಟ್ಟು ವಾಪಸ್ ಪಡೆಯುತ್ತಾರೆ. ಪ್ಲಾಸ್ಟಿಕ್ ತಟ್ಟೆ, ಲೋಟಗಳನ್ನು ಕರ್ನಾಟಕ ಸರ್ಕಾರ ನಿಷೇಧಿಸಿದ್ದು 2016ರಲ್ಲಿ. ನಿಷೇಧದ ಆದೇಶ ಇವತ್ತಿಗೂ ಮದುವೆ ಮನೆ ಹಿಂದಿನ ಕಸದ ರಾಶಿಯಲ್ಲಿ ಹೂತುಹೋಗಿದೆ. ತಟ್ಟೆ ಸುಲಭವಾಗಿ ಎರವಲು ಸಿಗುವ ಕಡೆಗಾದರೂ ಆ ರಾಶಿ ಸ್ವಲ್ಪ ಕರಗುತ್ತದೆ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಜನರೇಟರ್ ಪಕ್ಕದಲ್ಲಿ ಒಂದು ಖಾಲಿ ರೂಮಿತ್ತು. ಅಲ್ಲಿ ಎರಡು ಹಳೇ ಕಬ್ಬಿಣದ ಬೀರು ಇಟ್ಟು ನಾವು ಐದು ಜನ ಲೈಬ್ರರಿ ಶುರು ಮಾಡಿದೆವು. ಮೊದಲ ತಿಂಗಳಲ್ಲಿ 34 ವಸ್ತು ಬಂದವು. ಗೃಹಪ್ರವೇಶಕ್ಕೆ ಬಂದ ಗಿಫ್ಟುಗಳೇ ಅರ್ಧ. ಎಲ್ಲಕ್ಕಿಂತ ಜಾಸ್ತಿ ತಿರುಗಾಡಿದ್ದು ಯಾವುದು ಗೊತ್ತಾ? ಅಪ್ಪನ ವಾಕರ್. ನಾಲ್ಕು ತಿಂಗಳಲ್ಲಿ ಮೂರು ಮನೆ. ವಾಕರ್ ಕೊಳ್ಳೋಕೆ ಯಾರಿಗೂ ಇಷ್ಟವಿಲ್ಲ, ಎಸೆಯೋಕೆ ಧೈರ್ಯವಿಲ್ಲ. ಅಂಥ ವಸ್ತುವಿಗೆ ಲೈಬ್ರರಿಗಿಂತ ಒಳ್ಳೆಯ ಜಾಗ ಇಲ್ಲ.

ತೊಂದರೆ ಇರಲಿಲ್ಲ ಅಂತೇನೂ ಇಲ್ಲ. ಕುಕ್ಕರ್ ವಾಪಸ್ ಬಂತು, ಗ್ಯಾಸ್ಕೆಟ್ ಬರಲಿಲ್ಲ. ಒಬ್ಬರು ಮರದ ಬಿಟ್ ಹಾಕಿ ಕಾಂಕ್ರೀಟ್ ಕೊರೆದರು. ತಕ್ಷಣ ಗ್ರೂಪಿನಲ್ಲಿ ಬಂತು ಪ್ರಶ್ನೆ. “ಮುರಿದರೆ ಯಾರು ಹೊಣೆ?” ದೊಡ್ಡ ಕಂಪನಿಗಳ ಕಾಂಟ್ರಾಕ್ಟ್ ಓದಿ ಸಂಬಳ ತಗೊಳ್ಳೋ ಜನ ಒಂದು ಕುಕ್ಕರಿನ ಮುಂದೆ ಕಂಗಾಲಾದರು. ಉತ್ತರ 1872ರ ಭಾರತೀಯ ಕರಾರು ಕಾಯ್ದೆಯಲ್ಲೇ ಇದೆ. 150ನೇ ಸೆಕ್ಷನ್ ಪ್ರಕಾರ ವಸ್ತುವಿನಲ್ಲಿ ದೋಷ ಇದ್ದು ಅದು ಗೊತ್ತಿದ್ದರೆ ಕೊಡುವವರು ಮೊದಲೇ ಹೇಳಬೇಕು. 151ರ ಪ್ರಕಾರ ತಗೊಂಡವರು ಅದನ್ನು ವಿವೇಕವಿರುವ ಸಾಮಾನ್ಯ ಮನುಷ್ಯ ತನ್ನ ವಸ್ತುವನ್ನು ನೋಡಿಕೊಳ್ಳುವಷ್ಟು ಜೋಪಾನವಾಗಿ ನೋಡಿಕೊಳ್ಳಬೇಕು. ಅಷ್ಟು ಜೋಪಾನ ಮಾಡಿಯೂ ಹಾಳಾದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ ಅವರು ಹೊಣೆಯಲ್ಲ ಅನ್ನುತ್ತದೆ 152. ಇಷ್ಟನ್ನು ಬೀರುವಿನ ಬಾಗಿಲಿಗೆ ಅಂಟಿಸಿದೆವು. ಗ್ಯಾಸ್ಕೆಟ್ ಮಾರನೇ ದಿನ ಬಂತು.

ನಿಜವಾದ ಗಲಾಟೆ ಶುರುವಾದದ್ದು ಒಂದು ಡಬರಿಯಿಂದ.

ನಮ್ಮ ಬ್ಲಾಕ್ ಗುಡಿಸಿ ಒರೆಸೋ ಅಕ್ಕ ಒಂದು ದಿನ ಬಂದು, ಮೊಮ್ಮಗನ ನಾಮಕರಣಕ್ಕೆ ದೊಡ್ಡ ಡಬರಿ ಬೇಕಿತ್ತು ಮೇಡಂ, ಶಾಮಿಯಾನ ಅಂಗಡೀಲಿ ಡಿಪಾಸಿಟ್ಟು ಜಾಸ್ತಿ ಕೇಳ್ತಾರೆ ಅಂದರು. ರಿಜಿಸ್ಟರಿನಲ್ಲಿ ಬರೆಸಿ ಕೊಟ್ಟೆ. ಸೋಮವಾರ ಬೆಳಿಗ್ಗೆ ಆರೂವರೆಗೆ ವಾಪಸ್ ತಂದರು. ಹುಣಸೆಹಣ್ಣು ಹಾಕಿ ತಿಕ್ಕಿದ ಡಬರಿ, ನಾವು ಕೊಟ್ಟಾಗ ಇದ್ದದ್ದಕ್ಕಿಂತ ಚೆನ್ನಾಗಿ ಹೊಳೆಯುತ್ತಿತ್ತು. ಒಳಗೆ ಒಂದು ತೆಂಗಿನಕಾಯಿ. ಇದೇನಕ್ಕ ಅಂದೆ. “ಪಾತ್ರೆ ಬರೀದು ವಾಪಸ್ ಕೊಡಬಾರ್ದು ಮೇಡಂ” ಅಂದರು.

ಆ ತಿಂಗಳ ಮೀಟಿಂಗಿನಲ್ಲಿ ವಿಷಯ ಬಂತು. ಮೊದಲು “ಹೈಜೀನ್” ಅಂದರು. ತಿಕ್ಕಿದ ಡಬರಿ ಕಣ್ಣೆದುರೇ ಇತ್ತು, ಆದ್ದರಿಂದ ಅದು ನಿಲ್ಲಲಿಲ್ಲ. ಆಮೇಲೆ “ಸೆಕ್ಯುರಿಟಿ” ಅಂದರು. ವಾಪಸ್ ಬಂದ ತಾರೀಖು ರಿಜಿಸ್ಟರಿನಲ್ಲಿತ್ತು, ಅದೂ ನಿಲ್ಲಲಿಲ್ಲ. ಕೊನೆಗೆ ಒಬ್ಬರು, “ಮೈಂಟೆನೆನ್ಸ್ ಕಟ್ಟೋರು ನಾವು. ಮೈಂಟೆನೆನ್ಸ್ ಕಟ್ಟುವವರಿಗೆ ಮಾತ್ರ ಅಂತ ರೂಲ್ ಮಾಡಿ” ಅಂದರು. ಅದು ಪಾಸಾಯ್ತು. ಅಜ್ಜಿಯ ಹೊಸ್ತಿಲು ವಠಾರದಿಂದ ಎದ್ದು ಬಂದು, ಹೊಸ ಹೆಸರಿಟ್ಟುಕೊಂಡು, ನಮ್ಮ ಕ್ಲಬ್‌ಹೌಸಿನ ಏಸಿಯಲ್ಲಿ ಕೂತುಕೊಂಡಿತು.

ಇನ್ನೊಂದು ವಿಷಯ ಹೇಳದೆ ಹೋದರೆ ಈ ಲೇಖನ ಸುಳ್ಳಾಗುತ್ತದೆ. ಆ ಮೀಟಿಂಗಿನಲ್ಲಿ ನಾನೂ ಇದ್ದೆ. ಬಾಯಿ ಬಿಡಲಿಲ್ಲ. ಲೈಬ್ರರಿ ಉಳಿದರೆ ಸಾಕು, ಈಗ ಜಗಳ ಆಡಿದರೆ ರೂಮನ್ನೇ ಕಿತ್ತುಕೊಳ್ಳುತ್ತಾರೆ ಅಂತ ಲೆಕ್ಕ ಹಾಕಿದೆ. ಬುದ್ಧಿವಂತಿಕೆ ಅಂದುಕೊಂಡಿದ್ದೆ. ಮೂರು ವಾರ ಬಿಟ್ಟು ಅದೇ ಅಕ್ಕ ಬಂದು, ಗಂಡ ಬಿದ್ದು ಕಾಲು ಮುರಿದುಕೊಂಡಿದ್ದಾರೆ, ವಾಕರ್ ಇದೆಯಂತಲ್ಲ ಮೇಡಂ ಅಂದರು. ವಾಕರ್ ಬೀರುವಿನಲ್ಲೇ ಇತ್ತು. ರೂಲ್ ಬದಲಾಗಿದೆ ಅಂತ ಅವರಿಗೆ ಹೇಳಬೇಕಾದವಳು ನಾನು. “ಸರಿ ಬಿಡಿ ಮೇಡಂ” ಅಂದು ಬಕೆಟ್ ಎತ್ತಿಕೊಂಡು ಹೋದರು. ಆಮೇಲೆ ಓಡಿಹೋಗಿ ವಾಕರ್ ನಮ್ಮದೇ ಅಂತ ಕೊಟ್ಟು ಬಂದೆ. ಅವರು ತಗೊಂಡರು. ಆದರೆ ಅದು ಲೈಬ್ರರಿಯ ಎರವಲಾಗಲಿಲ್ಲ. ನನ್ನ ದಯೆಯಾಯ್ತು. ಯಾವ ಹಂಗನ್ನು ತಪ್ಪಿಸೋಕೆ ಆ ಬೀರು ಇಟ್ಟಿದ್ದೆವೋ ಅದೇ ಹಂಗನ್ನು ನನ್ನ ಕೈಯಾರೆ ಅವರ ತಲೆ ಮೇಲೆ ಹೊರಿಸಿ ಬಂದಿದ್ದೆ.

ಆದ್ದರಿಂದ ಈಗ ನೇರವಾಗಿ ಹೇಳ್ತೀನಿ. ಹೋದ ವರ್ಷದಿಂದ ಎಷ್ಟೋ ಅಪಾರ್ಟ್‌ಮೆಂಟಿನ ಗೆಳೆಯರು ನಮ್ಮಲ್ಲೂ ಇಂಥದ್ದು ಮಾಡಬೇಕು ಅಂತ ಫೋಟೊ ಕೇಳುತ್ತಿದ್ದಾರೆ. ಮಾಡಿ, ಖಂಡಿತ ಮಾಡಿ. ಆದರೆ ಮೊದಲ ದಿನವೇ ಸದಸ್ಯರು ಯಾರು ಅಂತ ಬರೆದಿಡಿ. ಓನರ್, ಬಾಡಿಗೆಯವರು, ಪೀಜಿ ಹುಡುಗರು, ಅಡುಗೆಯವರು, ಸೆಕ್ಯುರಿಟಿ ಅಣ್ಣ, ಕಸ ಎತ್ತುವವರು, ದಿನಾ ಆ ಗೇಟಿನೊಳಗೆ ಬರುವ ಎಲ್ಲರೂ. ವಸ್ತು ನಿಜವಾಗಿ ಯಾರಿಗೆ ಬೇಕು ಯೋಚನೆ ಮಾಡಿ. ಡ್ರಿಲ್ ಸಿಗದಿದ್ದರೆ ನಾವು ಕೊಂಡುಕೊಳ್ಳುತ್ತೇವೆ. ನಮಗೆ ಲೈಬ್ರರಿ ಒಂದು ಒಳ್ಳೆಯ ಅಭ್ಯಾಸ, ಲಾಫ್ಟ್ ಸ್ವಲ್ಪ ಖಾಲಿಯಾಗುತ್ತೆ. ಕೊಂಡುಕೊಳ್ಳಲಾಗದವರನ್ನು ಹೊರಗಿಟ್ಟರೆ ಅದು ಲೈಬ್ರರಿಯಲ್ಲ, 73ನೇ ಸ್ಟೋರ್ ರೂಮು.

ಇನ್ನೊಂದು ಜಗಳ ಸರ್ಕಾರದ ಜೊತೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಪ್ರಕಾರ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಸೆಸ್ ಕಟ್ಟುತ್ತೇವೆ, ನೂರು ರೂಪಾಯಿಗೆ 6 ರೂಪಾಯಿ. ನಿಮ್ಮ ರಸೀದಿ ತೆಗೆದು ನೋಡಿ. ಆ ದುಡ್ಡಿನಲ್ಲಿ ನಡೆಯುವ ಬಡಾವಣೆಯ ಗ್ರಂಥಾಲಯದಲ್ಲಿ ಪೇಪರ್ ಓದುವ ಹಿರಿಯರಿದ್ದಾರೆ, ಕಾಂಪಿಟೇಟಿವ್ ಪರೀಕ್ಷೆಗೆ ಓದುವ ಹುಡುಗರಿದ್ದಾರೆ. ಸದಸ್ಯತ್ವ, ರಿಜಿಸ್ಟರ್, ವಾಪಸ್ ಕೊಡುವ ತಾರೀಖು, ತಡವಾದರೆ ದಂಡ, ಎಲ್ಲ ವ್ಯವಸ್ಥೆಯೂ ಮೊದಲೇ ಇದೆ. ಪುಸ್ತಕದ ದುಡ್ಡು ಮುಟ್ಟೋದು ಬೇಡ. ಒಂದು ಬೀರು ಇಡೋದಕ್ಕೆ ಜಾಗ, ಒಂದು ಅನುಮತಿ, ಅಷ್ಟು ಸಾಕು. ವಸ್ತು ನಾವು ಕೊಡ್ತೀವಿ, ಲಾಫ್ಟ್ ತುಂಬಾ ಇದೆ. ಅಲ್ಲಿ ಮೈಂಟೆನೆನ್ಸ್ ಕಟ್ಟಿದ್ದೀರಾ ಅಂತ ಯಾರೂ ಕೇಳೋದಿಲ್ಲ.

ಮುಂದಿನ ತಿಂಗಳು ನಮ್ಮ ಅಸೋಸಿಯೇಷನ್ನಿನ ವಾರ್ಷಿಕ ಸಭೆ. “ಮೈಂಟೆನೆನ್ಸ್ ಕಟ್ಟುವವರಿಗೆ ಮಾತ್ರ” ಅನ್ನೋ ಸಾಲನ್ನು ತೆಗೆಯಬೇಕು ಅಂತ ನಾನು ಲಿಖಿತವಾಗಿ ಕೊಟ್ಟಿದ್ದೇನೆ. ಈ ಸಲ ಬಾಯಿ ಮುಚ್ಚಿಕೊಂಡು ಕೂರೋದಿಲ್ಲ. ಸೋತರೆ ನನ್ನ ಡ್ರಿಲ್, ಟೆಂಟು, ಇಡ್ಲಿ ಸ್ಟ್ಯಾಂಡು, ಅಪ್ಪನ ವಾಕರ್ ಎಲ್ಲವನ್ನೂ ಆ ಬೀರುವಿನಿಂದ ಹೊರಗೆ ತೆಗೆದು, ಬಡಾವಣೆಯ ಗ್ರಂಥಾಲಯದ ಬಾಗಿಲಿಗೆ ತಗೊಂಡು ಹೋಗಿ ಇಸಕೊಳ್ಳಿ ಅಂತ ಕೇಳ್ತೀನಿ. ಅವರೂ ಬೇಡ ಅಂದರೆ ಜಗಳ ಮುಂದುವರಿಯುತ್ತೆ.

ಆ ಅಕ್ಕ ಕೊಟ್ಟ ತೆಂಗಿನಕಾಯಿಯಲ್ಲಿ ನಾವು ಐದೂ ಜನ ಚಟ್ನಿ ಮಾಡಿಕೊಂಡು ತಿಂದಿದ್ದೇವೆ. ಅವರ ಕೈಗೆ ಬರೀ ಪಾತ್ರೆ ವಾಪಸ್ ಕೊಟ್ಟವರು ನಾವು.