ತೊಳೆದ ಕಲೆ ಎಲ್ಲಿಗೆ ಹೋಯಿತು?

ವೈಶಾಖ ಮುಗಿಯುತ್ತಿದ್ದಂತೆ ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಮನೆಗಳಲ್ಲಿ ಮಳೆಗಾಲದ ಸಿದ್ಧತೆ ಆರಂಭವಾಗುತ್ತದೆ. ಕಟ್ಟಿಗೆ ಕೊಟ್ಟಿಗೆಯ ಅಟ್ಟ ಸೇರುತ್ತದೆ, ಮಾಡಿನ ಒಡೆದ ಹಂಚು ಬದಲಾಗುತ್ತದೆ, ತೋಟದ ಬಸಿಗಾಲುವೆಯ ಹೂಳು ಮೇಲೆ ಬರುತ್ತದೆ. ಈಚಿನ ವರ್ಷಗಳಲ್ಲಿ ಇವುಗಳ ಜೊತೆಗೆ ಇನ್ನೊಂದು ಕೆಲಸ ಸೇರಿಕೊಂಡಿದೆ. ಕಾರು, ಬೈಕು, ಔಷಧಿ ಹೊಡೆಯುವ ಪಂಪಿನ ಎಂಜಿನ್ನು ಕಾಂಕ್ರೀಟ್ ಅಂಗಳದ ಮೇಲೆ ಸುರಿಸಿದ ಕಪ್ಪು ಎಣ್ಣೆಯ ಕಲೆಯನ್ನು ತಿಕ್ಕಿ ತೊಳೆಯುವ ಕೆಲಸ. ಮೊದಲು ಡೀಸೆಲ್, ಆಮೇಲೆ ಆಸಿಡ್, ಅದರ ಮೇಲೆ ಸೋಪಿನ ಪುಡಿ, ಕೊನೆಗೆ ಪೈಪಿನ ರಭಸದ ನೀರು. ಸಂಜೆಯ ಹೊತ್ತಿಗೆ ಅಂಗಳ ಬೆಳ್ಳಗಾಗುತ್ತದೆ. ಕಲೆ ಹೋಯಿತು ಎಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ. ಎಲ್ಲಿಗೆ ಹೋಯಿತು ಎಂದು ಯಾರೂ ಕೇಳುವುದಿಲ್ಲ.

ಎಣ್ಣೆ ಹೋಗಿರುವುದು ಗಟಾರಕ್ಕೆ. ಗಟಾರದಿಂದ ಹಳ್ಳಕ್ಕೆ, ಹಳ್ಳದಿಂದ ಗಜನಿಗೆ, ಗಜನಿಯಿಂದ ಅಳಿವೆಗೆ. ಭಟ್ಕಳದಲ್ಲಿ ಅದರ ದಾರಿ ಶರಾಬಿ ಹೊಳೆ, ಹೊನ್ನಾವರದಲ್ಲಿ ಶರಾವತಿ, ಕುಮಟಾದ ಬಹುಭಾಗದಲ್ಲಿ ಅಘನಾಶಿನಿ. ಘಟ್ಟದ ಮೇಲಿನವರು ಇದು ಕೆಳಗಿನವರ ಮಾತು ಎಂದು ಪುಟ ತಿರುವುವ ಹಾಗಿಲ್ಲ. ಶಿರಸಿಯ ಗ್ಯಾರೇಜಿನ ಮುಂದಿನ ನೀರೂ ಅಘನಾಶಿನಿಯ ಕಡೆಗೆ ಇಳಿಯುವುದುಂಟು. ಆ ನದಿಗೆ ಅಡ್ಡಲಾಗಿ ಅದನ್ನು ತಡೆಯುವ ಅಣೆಕಟ್ಟೂ ಇಲ್ಲ.

ಮಣ್ಣಿನ ಅಂಗಳಕ್ಕೆ ಸಗಣಿ ಸಾರಿಸುತ್ತಿದ್ದ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಆಗ ಅಂಗಳಕ್ಕೆ ಬೀಳುತ್ತಿದ್ದುದು ತೆಂಗಿನೆಣ್ಣೆ, ಹೊನ್ನೆ ಎಣ್ಣೆ. ಬೂದಿಯ ಕ್ಷಾರ ಸೋಕಿದರೆ ಅವು ಸಾಬೂನಾಗುತ್ತವೆ. ಅಜ್ಜಿಯಂದಿರು ಪಾತ್ರೆಗೆ ಬೂದಿ ಹಚ್ಚುತ್ತಿದ್ದುದರ ಹಿಂದಿನ ರಸಾಯನಶಾಸ್ತ್ರ ಇದೇ. ಎಂಜಿನ್ ಎಣ್ಣೆ ಭೂಗರ್ಭದಿಂದ ಬಂದದ್ದು. ಅದು ಯಾವ ಕ್ಷಾರಕ್ಕೂ ಸಾಬೂನಾಗದು. ಎಂಜಿನ್ನಿನಲ್ಲಿ ಸಾವಿರಾರು ಕಿಲೋಮೀಟರ್ ಕುದಿದು ಹೊರಬರುವಾಗ ಅದರಲ್ಲಿ ಅರೆಬರೆ ಸುಟ್ಟ ಇಂಧನದಿಂದ ಹುಟ್ಟಿದ ಬಹುವಲಯ ಹೈಡ್ರೋಕಾರ್ಬನ್‌ಗಳಿರುತ್ತವೆ, ಸವೆದ ಲೋಹದ ಪುಡಿ ಇರುತ್ತದೆ, ತಯಾರಕರೇ ಬೆರೆಸಿದ ಸತುವಿನ ಸಂಯುಕ್ತಗಳಿರುತ್ತವೆ. ಆ ಹೈಡ್ರೋಕಾರ್ಬನ್‌ಗಳಲ್ಲಿ ಕೆಲವು ಕ್ಯಾನ್ಸರಿಗೆ ಕಾರಣವಾಗುವಂಥವು. ಆದುದರಿಂದಲೇ ಬಳಸಿದ ಎಣ್ಣೆಯನ್ನು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಪಟ್ಟಿಯಲ್ಲಿಟ್ಟಿವೆ.

ಲೆಕ್ಕ ಹಾಕಿ ನೋಡಬಹುದು. ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣ ತೋರುವ ಎಣ್ಣೆಯ ಪೊರೆ 0.3 ಮೈಕ್ರಾನ್‌ನಷ್ಟು ತೆಳುವಾಗಿರಬಲ್ಲದು. ಆ ದಪ್ಪದಲ್ಲಿ 1 ಲೀಟರ್ ಎಣ್ಣೆ ಸುಮಾರು 3,300 ಚದರ ಮೀಟರ್, ಎಂದರೆ ಮುಕ್ಕಾಲು ಎಕರೆಗೂ ಮಿಕ್ಕಿ ಹರಡುತ್ತದೆ. ಮಳೆಯ ಲೆಕ್ಕವೂ ಹಾಗೆಯೇ. ಈ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. 50 ಚದರ ಮೀಟರಿನ ಕಾಂಕ್ರೀಟ್ ಅಂಗಳದ ಮೇಲೆ ಬಿದ್ದ ಮಳೆ ಒಂದೂವರೆ ಲಕ್ಷ ಲೀಟರ್. ಮಣ್ಣಿನ ಅಂಗಳ ಅದರಲ್ಲಿ ಒಂದಿಷ್ಟನ್ನು ಹೀರುತ್ತಿತ್ತು. ಕಾಂಕ್ರೀಟ್ ಅಷ್ಟನ್ನೂ ಅಂಚಿಗೆ ನೂಕುತ್ತದೆ. ಅಂಚಿನಾಚೆ ಚಿರೆಕಲ್ಲಿನ ನೆಲ, ಜೊಳ್ಳು ಜೊಳ್ಳಾದ ಕಲ್ಲು. ಅದರ ಬುಡದಲ್ಲಿ ಮನೆಯ ಬಾವಿ.

ಆಸಿಡ್ಡಿನ ವಿಚಾರ ಇನ್ನೂ ವಿಚಿತ್ರ. ಹೈಡ್ರೋಕ್ಲೋರಿಕ್ ಆಮ್ಲ ಎಣ್ಣೆಯನ್ನು ಕರಗಿಸುವುದೇ ಇಲ್ಲ! ಅದು ಕರಗಿಸುವುದು ಸಿಮೆಂಟನ್ನು. ಸಿಮೆಂಟಿನೊಳಗಿನ ಸುಣ್ಣದ ಅಂಶವನ್ನು ತಿಂದು ಮೇಲ್ಪದರವನ್ನು ಕಿತ್ತುಹಾಕುವುದರಿಂದ ಬಿಳುಪು ಕಾಣಿಸುತ್ತದೆ. ತರಿತರಿಯಾದ ಆ ಮೈ ಮುಂದಿನ ಹನಿಯನ್ನು ಮೊದಲಿಗಿಂತ ಬೇಗ ಹೀರುತ್ತದೆ. ಡೀಸೆಲ್ ಸುರಿದರೆ ಎಣ್ಣೆ ತೆಳುವಾಗಿ ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳ ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ಹಣ ಕೊಟ್ಟು ಅಂಗಳ ಹಾಳುಮಾಡಿಕೊಳ್ಳುವ ಈ ಪದ್ಧತಿಗೆ ಸ್ವಚ್ಛತೆ ಎಂಬ ಹೆಸರು.

ಸೋಪಿನ ಪುಡಿ ನಿರಪಾಯ ಎಂದು ತಿಳಿದವರು 1967ರ ಟೊರಿ ಕ್ಯಾನ್ಯನ್ ಪ್ರಕರಣವನ್ನು ನೆನೆಯಬೇಕು. ಆ ವರ್ಷದ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ತೀರದಾಚೆ ಆ ಹೆಸರಿನ ಕಚ್ಚಾತೈಲದ ಹಡಗು ಬಂಡೆಗೆ ಬಡಿದು ಒಡೆಯಿತು. ತೀರವನ್ನು ತೊಳೆಯಲು ಸುಮಾರು 10,000 ಟನ್ ಡಿಟರ್ಜೆಂಟ್ ಸುರಿಯಲಾಯಿತು. ತೀರ ಚೊಕ್ಕಟವಾಯಿತು, ಬಂಡೆಗೆ ಅಂಟಿಕೊಂಡು ಬದುಕುತ್ತಿದ್ದ ಚಿಪ್ಪಿನ ಜೀವಿಗಳು ರಾಶಿರಾಶಿಯಾಗಿ ಸತ್ತವು. ಡಿಟರ್ಜೆಂಟ್ ಸುರಿಯದೆ ಬಿಟ್ಟ ತೀರ ಎರಡು ಮೂರು ವರ್ಷಗಳಲ್ಲಿ ಚೇತರಿಸಿಕೊಂಡರೆ, ಹೆಚ್ಚು ತೊಳೆದ ತೀರಕ್ಕೆ ಹತ್ತು ವರ್ಷಕ್ಕೂ ಮಿಕ್ಕಿ ಬೇಕಾಯಿತು. ಎಣ್ಣೆಗಿಂತ ತೊಳೆದದ್ದೇ ಹೆಚ್ಚು ಕೊಂದಿತು. ಇಂದಿನ ಸೋಪು ಅಂದಿನ ಡಿಟರ್ಜೆಂಟಿನಷ್ಟು ಕ್ರೂರವಲ್ಲ, ನಿಜ. ಆದರೆ ಅದು ಮಾಡುವ ಕೆಲಸ ಅದೇ. ತೇಲುವ ಎಣ್ಣೆಯನ್ನು ಒಡೆದು, ಕಣ್ಣಿಗೆ ಕಾಣದ ಹನಿಗಳನ್ನಾಗಿ ಮಾಡಿ, ನೀರಿನೊಳಗೆ ಬೆರೆಸುವುದು.

ಆ ನೀರನ್ನು ಯಾರು ಕುಡಿಯುತ್ತಾರೆ? ಅಘನಾಶಿನಿಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಕೆಸರಿಗಿಳಿದು ಹೆಂಗಸರು ಆರಿಸುವ ಬಳಚು, ಕಲ್ವ ಕುಡಿಯುತ್ತವೆ. ಈ ಚಿಪ್ಪಿನ ಜೀವಿಗಳು ನೀರನ್ನು ಸೋಸಿಯೇ ಬದುಕುವಂಥವು. ಮೀನಿನ ದೇಹ ಈ ಹೈಡ್ರೋಕಾರ್ಬನ್‌ಗಳನ್ನು ಸಾಕಷ್ಟು ಬೇಗ ಒಡೆದು ಹೊರಹಾಕುತ್ತದೆ. ಚಿಪ್ಪಿಜೀವಿಗೆ ಆ ಶಕ್ತಿ ಕಡಿಮೆ, ಅದು ಕೂಡಿಟ್ಟುಕೊಳ್ಳುತ್ತದೆ. ಈ ಗುಣದಿಂದಾಗಿಯೇ ಅಮೆರಿಕದಲ್ಲಿ 1986ರಿಂದ ಕರಾವಳಿಯ ಮಾಲಿನ್ಯವನ್ನು ಅಳೆಯಲು ಚಿಪ್ಪಿಜೀವಿಗಳ ಮಾಂಸವನ್ನೇ ಪರೀಕ್ಷಿಸುತ್ತ ಬಂದಿದ್ದಾರೆ. ಅಲ್ಲಿ ಅದು ಅಳತೆಗೋಲು, ಇಲ್ಲಿ ಅದು ಊಟ. 4,801 ಹೆಕ್ಟೇರಿನ ಈ ಅಳಿವೆಗೆ 2024ರಲ್ಲಿ ರಾಮ್ಸಾರ್ ಮಾನ್ಯತೆ ದೊರೆತಾಗ ಹೆಮ್ಮೆಪಟ್ಟವರ ಅಂಗಳದ ಗಟಾರವೂ ಅಲ್ಲಿಗೇ ಸೇರುತ್ತದೆ. ಉಪ್ಪುನೀರನ್ನು ಸಹಿಸಿ ಬೆಳೆಯುವ ಕಗ್ಗ ಭತ್ತ ಎಂಜಿನ್ ಎಣ್ಣೆಯನ್ನೂ ಸಹಿಸಲಿ ಎಂದು ಬಯಸುವುದು ನ್ಯಾಯವೇ?

ಕಲೆ ತೆಗೆಯಲೇಬೇಕೆಂದರೆ ನೀರು ಸೋಕಿಸದೆ ತೆಗೆಯಬೇಕು. ಹಸಿ ಕಲೆಗೆ ಗರಗಸದ ಹುಡಿ, ಒಲೆಯ ಬೂದಿ ಅಥವಾ ಅಕ್ಕಿ ಗಿರಣಿಯ ಉಮಿಬೂದಿ ಹರಡಿ, ಗಿಡ್ಡ ಕಸಬರಿಗೆಯಿಂದ ತಿಕ್ಕಿ, ರಾತ್ರಿಯಿಡೀ ಬಿಟ್ಟು ಗುಡಿಸಿದರೆ ಬಹುಪಾಲು ಎಣ್ಣೆ ಹುಡಿಯೊಡನೆ ಬರುತ್ತದೆ. ಇಲ್ಲಿ ಬೂದಿಯ ಕೆಲಸ ಸಾಬೂನು ಮಾಡುವುದಲ್ಲ, ಹೀರುವುದು. ಹಳೆಯ ಕಲೆಗೆ ನುಣುಪಾದ ಬೂದಿಯನ್ನೋ ಜೇಡಿಮಣ್ಣನ್ನೋ ದಪ್ಪ ಸಾಬೂನು ದ್ರಾವಣದಲ್ಲಿ ಕಲಸಿ, ಬೆರಳು ದಪ್ಪ ಮೆತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಒಂದು ದಿನ ಬಿಡಬೇಕು. ಬಳಿಕ ಹಾಳೆ ತೆಗೆದು ಒಣಗಲು ಬಿಟ್ಟರೆ ಆರುತ್ತಿರುವ ಮೆತ್ತು ರಂಧ್ರದೊಳಗಿನ ಎಣ್ಣೆಯನ್ನು ಮೇಲಕ್ಕೆಳೆಯುತ್ತದೆ. ಒಣಗಿದ್ದನ್ನು ಕೆರೆದು ತೆಗೆಯುವುದು. ಎರಡು ಮೂರು ಸಲ ಮಾಡಬೇಕಾದೀತು. ಬೇಸಿಗೆಯೇ ಇದಕ್ಕೆ ಕಾಲ. ಕೊನೆಗೂ ಉಳಿಯುವ ಮಸುಕು ನೆರಳನ್ನು ಹಾಗೆಯೇ ಬಿಡುವುದು ಮೇಲು. ಅದು ಯಾರ ಹೊಟ್ಟೆಗೂ ಹೋಗದು.

ಗುಡಿಸಿದ ಹುಡಿಯನ್ನು ಗೊಬ್ಬರದ ಗುಂಡಿಗೆ ಎಸೆಯಬಾರದು. ಎಣ್ಣೆ ತಿನ್ನುವ ಸೂಕ್ಷ್ಮಾಣುಗಳಿವೆಯಲ್ಲ ಎಂದು ವಿದ್ಯಾರ್ಥಿಗಳು ಕೇಳಿಯಾರು. ಇವೆ. ಆನಂದ ಮೋಹನ ಚಕ್ರವರ್ತಿಯವರು ರೂಪಿಸಿದ ಅಂಥ ಸೂಕ್ಷ್ಮಾಣುವಿನ ಹಕ್ಕುಸ್ವಾಮ್ಯವನ್ನು ಅಮೆರಿಕದ ಸುಪ್ರೀಂ ಕೋರ್ಟು 1980ರಲ್ಲಿ ಎತ್ತಿಹಿಡಿದದ್ದು ಪ್ರಸಿದ್ಧವೇ. ಆದರೆ ಸತುವನ್ನೂ ಸೀಸವನ್ನೂ ತಿಂದು ಮುಗಿಸುವ ಸೂಕ್ಷ್ಮಾಣುವಿಲ್ಲ. ಲೋಹ ಗೊಬ್ಬರದೊಡನೆ ಅಡಿಕೆ ಮರದ ಬುಡಕ್ಕೇ ಬರುತ್ತದೆ. ಬಚ್ಚಲೊಲೆಗೆ ಹಾಕಿದರೆ ಅದೇ ವಿಷ ಹೊಗೆಯಾಗಿ ಮನೆಯೊಳಗೆ ತುಂಬುತ್ತದೆ. ಗೆದ್ದಲಿಗೆ ಮದ್ದೆಂದು ಬೇಲಿಗೂಟಕ್ಕೆ ಬಳಸಿದ ಎಣ್ಣೆ ಬಳಿಯುವ ರೂಢಿಯೂ ಹಳ್ಳದ ಅಂಚಿನಲ್ಲಿ ಸಲ್ಲದು.

ಹಾಗಾದರೆ ಎಲ್ಲಿಡುವುದು? ನಿಜವಾದ ಜಗಳ ಇರುವುದು ಇಲ್ಲಿ. ಗ್ಯಾರೇಜಿನ ಡ್ರಮ್ಮಿಗೆ ಬಿದ್ದ ಎಣ್ಣೆಗೆ ಬೆಲೆಯಿದೆ, ಕೊಳ್ಳುವವರಿದ್ದಾರೆ. 2023ರ ತಿದ್ದುಪಡಿಯಂತೆ 2024ರ ಏಪ್ರಿಲ್ 1ರಿಂದ ಎಣ್ಣೆ ತಯಾರಕರಿಗೆ ಮರುಬಳಕೆಯ ಹೊಣೆಯೂ ಬಂದಿದೆ. ನೆಲಕ್ಕೆ ಬಿದ್ದ ಎಣ್ಣೆಗೆ ಮಾತ್ರ ಗಟಾರವೇ ಗತಿ. ಹೊಳೆ, ಬಾವಿಗಳಿಗೆ ವಿಷವಸ್ತು ಬಿಡುವುದನ್ನು 1974ರ ಜಲ ಕಾಯಿದೆಯ 24ನೆಯ ಕಲಮು ನಿಷೇಧಿಸುತ್ತದೆ. ಹೆದ್ದಾರಿ 66ರ ಬದಿಯ ವಾಹನ ತೊಳೆಯುವ ತಾಣಗಳಿಗೆ ಪರವಾನಿಗೆ ಕೊಡುವ ಸ್ಥಳೀಯ ಸಂಸ್ಥೆಗಳು ಆ ಕಲಮನ್ನು ಒಮ್ಮೆ ಓದಿದರೆ ಸಾಕು. ಚಿರೆಕಲ್ಲಿನಲ್ಲಿ ಕಟ್ಟಿ ಒಳಗೆ ಸಿಮೆಂಟು ಬಳಿದ ಎರಡು ಕೋಣೆಯ ತೊಟ್ಟಿ ತೇಲುವ ಎಣ್ಣೆಯನ್ನು ಹಿಡಿದಿಡುತ್ತದೆ. ಅದಿಲ್ಲದೆ ಪರವಾನಿಗೆ ನವೀಕರಣವಿಲ್ಲ ಎಂದು ಬರೆಯಲು ಒಂದು ಸಾಲು ಬೇಕು. ಸೋಪು ಬೆರೆತ ಎಣ್ಣೆ ತೇಲದೆ ಆ ತೊಟ್ಟಿಯನ್ನೂ ದಾಟುತ್ತದೆ ಎಂಬುದನ್ನು ಅದೇ ಸಾಲಿನಲ್ಲಿ ಸೇರಿಸಬೇಕು.

ಹಳ್ಳಿಗಳಲ್ಲಿ ಬೇಕಾಗಿರುವುದು ಇನ್ನೂ ಕಡಿಮೆ. ಪ್ರತಿ ಗ್ರಾಮ ಪಂಚಾಯತಿಯ ಕಸ ಸಂಗ್ರಹದ ಜಾಗದಲ್ಲಿ ಮಳೆ ತಾಗದಂತೆ ಮುಚ್ಚಳವಿರುವ ಎರಡು ಡ್ರಮ್ಮು, ಒಂದು ಬಳಸಿದ ಎಣ್ಣೆಗೆ, ಇನ್ನೊಂದು ಎಣ್ಣೆ ಹೀರಿದ ಹುಡಿಗೆ. ಎರಡನ್ನೂ ಅಧಿಕೃತ ಸಂಸ್ಕರಣಾ ಘಟಕಕ್ಕೆ ಒಪ್ಪಿಸಿದ ರಶೀದಿ. ಮುಂದಿನ ಗ್ರಾಮಸಭೆಯಲ್ಲಿ ಈ ಬೇಡಿಕೆಯನ್ನು ಲಿಖಿತವಾಗಿ ಕೊಟ್ಟು, ನಡಾವಳಿ ಪುಸ್ತಕದಲ್ಲಿ ಬರೆಸಿಕೊಂಡೇ ಏಳಬೇಕು. ಅಲ್ಲಿಯವರೆಗೆ, ಸೋರುವ ವಾಹನದಡಿಗೆ ಮರಳು ತುಂಬಿದ ಒಂದು ಹಳೆಯ ತಗಡಿನ ಪರಾತ.