ದುಬಾರಿ ಹ್ಯಾಮ್ ರೇಡಿಯೊ ಕೊಂಡರೆ ನೆರೆ ಬಂದಾಗ ಸಂಪರ್ಕ ಗ್ಯಾರಂಟಿಯೇ?

"ಟವರ್ ಬೇಡ, ಸಿಮ್ ಬೇಡ, ಇದೊಂದು ರೇಡಿಯೊ ಇದ್ದರೆ ಜಗತ್ತಿನ ಯಾವ ಮೂಲೆಗಾದರೂ ಮಾತನಾಡಬಹುದು." ಇಂಥ ಅರ್ಥದ ಸಂದೇಶ, ಜೊತೆಗೆ ಬಣ್ಣದ ಪರದೆಯ ಜಪಾನಿ ರೇಡಿಯೊದ ಫೋಟೊ ನಿಮ್ಮ ಫೋನಿಗೂ ಬಂದಿರಬಹುದು. ಇದರಲ್ಲಿ ಸುಳ್ಳು ಕಡಿಮೆ, ಅರ್ಧಸತ್ಯ ಜಾಸ್ತಿ.

ಯಾದಗಿರಿ ಜಿಲ್ಲೆಯವರಿಗೆ ಇದು ಬರೀ ಹವ್ಯಾಸದ ಮಾತಲ್ಲ. ನಾರಾಯಣಪುರದ ಬಸವಸಾಗರದಿಂದ ಕೃಷ್ಣೆಗೆ ಹೆಚ್ಚು ನೀರು ಬಿಟ್ಟಾಗ ನೀಲಕಂಠರಾಯನಗಡ್ಡಿಯ ಜನರಿಗೆ ಹೊರಗಿನ ದಾರಿ ಕಡಿದುಹೋಗುತ್ತದೆ. ಶಹಾಪುರದಿಂದ ದೇವದುರ್ಗಕ್ಕೆ ಹೋಗುವ ಕೊಳ್ಳೂರು ಸೇತುವೆ ಮುಳುಗುತ್ತದೆ. 2020ರ ಅಕ್ಟೋಬರ್‌ನಲ್ಲಿ ಭೀಮಾ ನದಿಯೂ ಉಕ್ಕಿತ್ತು. ಕರೆಂಟ್ ಹೋಗಿ ಟವರ್‌ನ ಬ್ಯಾಟರಿಯೂ ಖಾಲಿಯಾದರೆ ಕೈಯಲ್ಲಿರುವ ಫೋನ್ ಬರೀ ಟಾರ್ಚ್. ಹೀಗಿರುವಾಗ ಊರಿನ ಯುವಕರು ಪಟ್ಟಿ ಎತ್ತಿ ರೇಡಿಯೊ ಕೊಳ್ಳೋಣ ಎಂದರೆ ಆಶ್ಚರ್ಯವಿಲ್ಲ. ಹಣ ಎಲ್ಲಿಗೆ ಹಾಕಬೇಕು ಎಂಬುದೇ ಪ್ರಶ್ನೆ.

ಹ್ಯಾಮ್ ರೇಡಿಯೊ ಕೆಲಸ ಮಾಡುತ್ತದೆ ಎನ್ನುವುದರಲ್ಲಿ ಅನುಮಾನ ಬೇಡ. 2004ರ ಡಿಸೆಂಬರ್‌ನಲ್ಲಿ ಸುನಾಮಿ ಬಂದಾಗ ಭಾರತಿ ಪ್ರಸಾದ್ ಮತ್ತು ಸಂಗಡಿಗರು ಹವ್ಯಾಸಿ ಪ್ರಸಾರಕ್ಕೆಂದು ಅಂಡಮಾನ್‌ನಲ್ಲೇ ಇದ್ದರು. ಉಳಿದ ಸಂಪರ್ಕ ಕಡಿದಾಗ ಅವರ ರೇಡಿಯೊಗಳೇ ಸುದ್ದಿ ಮುಟ್ಟಿಸಿದವು.

ಹೆಚ್ಚು ದುಡ್ಡಿಗೆ ಏನು ಸಿಗುತ್ತದೆ?

2016ರಲ್ಲಿ ಮಾರುಕಟ್ಟೆಗೆ ಬಂದ ಐಕಾಂ ಐಸಿ-7300 ಮಧ್ಯಮ ದರ್ಜೆಯದು. ಹೊರದೇಶದ ಅಂಗಡಿಗಳಲ್ಲಿ ಸಾವಿರದಿಂದ ಒಂದೂವರೆ ಸಾವಿರ ಡಾಲರ್. ಯೇಸು ಕಂಪನಿಯ ಎಫ್‌ಟಿಡಿಎಕ್ಸ್‌-101ಎಂಪಿಗೆ ನಾಲ್ಕು ಸಾವಿರ ಡಾಲರ್ ಆಸುಪಾಸು. ಐಕಾಂ ಐಸಿ-7851ಕ್ಕೆ ಹತ್ತು ಸಾವಿರ ಡಾಲರ್‌ಗೂ ಮೇಲೆ. ಇಲ್ಲಿಗೆ ತರಿಸುವಾಗ ಇದರ ಮೇಲೆ ಸುಂಕ, ತೆರಿಗೆ ಬೀಳುತ್ತದೆ.

ಬೆಲೆ ಏರಿದಂತೆ ಮುಖ್ಯವಾಗಿ ಸುಧಾರಿಸುವುದು ಕೇಳಿಸಿಕೊಳ್ಳುವ ಭಾಗ. ಜಾತ್ರೆಯಲ್ಲಿ ಪಕ್ಕದಲ್ಲೇ ಮೈಕ್ ಅರಚುತ್ತಿದ್ದರೂ ದೂರದವರ ಪಿಸುಮಾತು ಹಿಡಿಯುವ ಕಿವಿ ಇದ್ದಂತೆ. ಬಲವಾದ ಸಿಗ್ನಲ್‌ನಿಂದ ಬರೀ 2 ಕಿಲೋಹರ್ಟ್ಜ್ ಆಚೆಗಿರುವ ಕ್ಷೀಣ ಸಿಗ್ನಲ್ಲನ್ನು ರೇಡಿಯೊ ಎಷ್ಟು ಚೆನ್ನಾಗಿ ಬೇರ್ಪಡಿಸುತ್ತದೆ ಎಂದು ಪರೀಕ್ಷಕರು ಅಳೆಯುತ್ತಾರೆ. ಸಾವಿರಾರು ಜನ ಒಟ್ಟಿಗೆ ಮಾತನಾಡುವ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಈ ಗುಣಕ್ಕೆ ಚಿನ್ನದ ಬೆಲೆ. ಸುರಪುರದಲ್ಲಿ ಕೂತವರಿಗೆ ಪಕ್ಕದ ಬೀದಿಯಲ್ಲಿ ಇನ್ನೊಬ್ಬ ಹ್ಯಾಮ್ ಇರುವ ಸಂಭವವೇ ಕಡಿಮೆ. ಇಲ್ಲಿನ ತೊಂದರೆ ಬೇರೆ: ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಇನ್ವರ್ಟರ್‌ಗಳು ಹೊರಡಿಸುವ ಗೊರಗೊರ ಶಬ್ದ. ಅದನ್ನು ದುಬಾರಿ ರೇಡಿಯೊ ಸ್ವಲ್ಪ ತಗ್ಗಿಸೀತು. ಆ್ಯಂಟೆನಾವನ್ನು ಮನೆಯಿಂದ ದೂರ ಕಟ್ಟಿದರೆ ಅದಕ್ಕಿಂತ ಹೆಚ್ಚು ತಗ್ಗುತ್ತದೆ, ಖರ್ಚೂ ಇಲ್ಲ.

ಹತ್ತು ಪಟ್ಟು ವಾಟ್ ಅಂದರೆ ಹತ್ತು ಪಟ್ಟು ದೂರವೇ?

ಅಲ್ಲ. ರೇಡಿಯೊ ಮೀಟರಿನಲ್ಲಿ ಸಿಗ್ನಲ್ ಒಂದು ಮನೆ ಮೇಲೇರಬೇಕಾದರೆ ಶಕ್ತಿ ನಾಲ್ಕು ಪಟ್ಟಾಗಬೇಕು. 10 ವಾಟಿನಿಂದ 100 ವಾಟಿಗೆ ಹೋದರೂ ಎರಡು ಮನೆ ಪೂರ್ತಿ ಏರುವುದಿಲ್ಲ. ಗದ್ದಲ ಇದ್ದಾಗ ಆ ವ್ಯತ್ಯಾಸ ಉಪಯೋಗಕ್ಕೆ ಬರುತ್ತದೆ, ನಿಜ. ಆದರೆ ತಪ್ಪು ಆ್ಯಂಟೆನಾ ಕಟ್ಟಿದವರನ್ನು ಅದು ಕಾಪಾಡುವುದಿಲ್ಲ.

ಆ್ಯಂಟೆನಾ ವಿಷಯವನ್ನು ನಿಧಾನವಾಗಿ ಹೇಳಬೇಕು, ಏಕೆಂದರೆ ಫಾರ್ವರ್ಡ್‌ಗಳಲ್ಲಿ ಇದೇ ಇರುವುದಿಲ್ಲ. ಕೈಯಲ್ಲಿ ಹಿಡಿಯುವ 5 ವಾಟಿನ ಸೆಟ್ಟುಗಳ ಅಲೆ ಹೆಚ್ಚುಕಡಿಮೆ ಕಣ್ಣಳತೆಯ ನೇರದಲ್ಲಿ ಸಾಗುತ್ತದೆ. ಶಹಾಪುರ, ಸುರಪುರದ ನಡುವೆ ನೇರ ಅಂತರ 20 ಕಿಲೋಮೀಟರ್ ಚಿಲ್ಲರೆ, ಆದರೆ ಸುತ್ತ ಗುಡ್ಡಗಳಿವೆ. ಶಹಾಪುರದ ಮಲಗಿದ ಬುದ್ಧನ ಬೆಟ್ಟ ನೋಡಲು ಎಷ್ಟು ಚೆಂದವೋ ಈ ಅಲೆಗಳಿಗೆ ಅಷ್ಟೇ ದೊಡ್ಡ ಗೋಡೆ. ಬೆಟ್ಟದ ಮೇಲೆ ರಿಪೀಟರ್ ಇಲ್ಲದಿದ್ದರೆ ಎಷ್ಟು ದುಬಾರಿ ಕೈಸೆಟ್ಟಾದರೂ ಅಷ್ಟೇ.

7 ಮೆಗಾಹರ್ಟ್ಜ್‌ನ ಅಲೆಗಳು ಬೇರೆ ದಾರಿ ಹಿಡಿಯುತ್ತವೆ. ಸುಮಾರು 20 ಮೀಟರ್ ತಂತಿಯನ್ನು ಮಧ್ಯಕ್ಕೆ ಕತ್ತರಿಸಿ ಕೇಬಲ್ ಜೋಡಿಸಿ, ಎರಡು ಬೇವಿನ ಮರಗಳ ನಡುವೆ ಐದಾರು ಮೀಟರ್ ಎತ್ತರಕ್ಕೆ ಕಟ್ಟಿದರೆ ಅಲೆ ಹೆಚ್ಚಾಗಿ ನೆತ್ತಿಯ ಕಡೆಗೇ ಹೋಗುತ್ತದೆ. ಮೇಲಿನ ಅಯಾನುಗೋಳಕ್ಕೆ ಬಡಿದು, ಛತ್ರಿಯಂತೆ ಸುತ್ತ ಮೂರ್ನಾಲ್ಕು ನೂರು ಕಿಲೋಮೀಟರ್‌ವರೆಗೆ ಬೀಳುತ್ತದೆ. ಗುಡ್ಡ ಅಡ್ಡ ಬರುವ ಮಾತೇ ಇಲ್ಲ. ಹಗಲಿನಲ್ಲಿ ಯಾದಗಿರಿಯಿಂದ ಕಲಬುರಗಿ, ಹೈದರಾಬಾದ್, ಪರಿಸ್ಥಿತಿ ಚೆನ್ನಾಗಿದ್ದರೆ ಬೆಂಗಳೂರು ಕೂಡ ಇದರ ಅಳತೆಯಲ್ಲಿವೆ. ರಾತ್ರಿ ಈ ಛತ್ರಿ ಕೈಕೊಡಬಹುದು. ಆಗ 3.5 ಮೆಗಾಹರ್ಟ್ಜ್‌ಗೆ ಇಳಿಯಬೇಕು, ತಂತಿ ಎರಡರಷ್ಟು ಉದ್ದ ಬೇಕು. ಇಷ್ಟಕ್ಕೆಲ್ಲ ಕೆಲವು ಸಾವಿರ ರೂಪಾಯಿ ಸಾಕು.

ಕರೆಂಟ್ ಹೋದ ಮೇಲೆ

100 ವಾಟಿನ ರೇಡಿಯೊ ಮಾತನಾಡುವಾಗ 12 ವೋಲ್ಟ್ ಬ್ಯಾಟರಿಯಿಂದ ಸುಮಾರು 20 ಆಂಪಿಯರ್ ಎಳೆಯುತ್ತದೆ. ಸುಮ್ಮನೆ ಕೇಳುತ್ತಿದ್ದರೂ ಒಂದು ಆಂಪಿಯರ್ ಬೇಕು. ಅಂದರೆ 40 ಆಂಪಿಯರ್-ಅವರ್ ಕಾರ್ ಬ್ಯಾಟರಿಯ ಅರ್ಧಕ್ಕಿಂತ ಹೆಚ್ಚು ಒಂದು ದಿನದಲ್ಲಿ ಕೇಳುವುದಕ್ಕೇ ಮುಗಿಯುತ್ತದೆ. 10 ವಾಟಿನ ಸೆಟ್ಟು ಅದೇ ಬ್ಯಾಟರಿಯಲ್ಲಿ ಹೆಚ್ಚು ಕಾಲ ಬರುತ್ತದೆ. ತಮಾಷೆ ಎಂದರೆ ಹತ್ತು ಸಾವಿರ ಡಾಲರ್ ಮೀರಿದ ಐಸಿ-7851 ಓಡುವುದು ಮನೆಯ ಕರೆಂಟಿನಲ್ಲಿ. ತೂಕ 20 ಕಿಲೋಗೂ ಹೆಚ್ಚು. ಅದನ್ನು ತೆಪ್ಪದಲ್ಲಿ ಹೊತ್ತೊಯ್ಯುವುದನ್ನು ಊಹಿಸಿಕೊಳ್ಳಿ.

ಇನ್ನೊಂದು ತುದಿಯಲ್ಲಿ ಮೈಕ್ರೋ-ಬಿಟೆಕ್ಸ್ ಇದೆ. ಹೈದರಾಬಾದಿನ ಅಶ್ಹರ್ ಫರ್ಹಾನ್ ರೂಪಿಸಿದ ಇದು 2017ರ ಕೊನೆಗೆ ಬಂದಾಗ ಬೆಲೆ 109 ಡಾಲರ್, ಶಕ್ತಿ ಸುಮಾರು 10 ವಾಟ್. ಅದರ ಸರ್ಕ್ಯೂಟ್ ನಕ್ಷೆ ಎಲ್ಲರಿಗೂ ಮುಕ್ತ. ಪ್ರಸಾರದ ಕೊನೆಯ ಹಂತದಲ್ಲಿರುವ ಐಆರ್‌ಎಫ್-510 ಟ್ರಾನ್ಸಿಸ್ಟರ್ ಸುಟ್ಟರೆ ಸಣ್ಣ ಮೊತ್ತದಲ್ಲಿ ಬದಲಾಯಿಸಬಹುದು. ಜಪಾನಿ ಸೆಟ್ಟಿನ ಅಕ್ಕಿಕಾಳಿಗಿಂತ ಚಿಕ್ಕ ಬಿಡಿಭಾಗಗಳನ್ನು ಸರಿಮಾಡಲು ನಮ್ಮ ಟಿವಿ ರಿಪೇರಿಯವರು ಪರದಾಡುತ್ತಾರೆ. ಹಾಗಂತ ಇದೇ ಶ್ರೇಷ್ಠ ಎಂದಲ್ಲ. ಸೌಕರ್ಯ ಕಡಿಮೆ, ಬಳಸುವವರಿಗೆ ಒಂದಿಷ್ಟು ತಾಂತ್ರಿಕ ಆಸಕ್ತಿ ಬೇಕು.

ನನ್ನನ್ನು ಕೇಳಿದರೆ, ಸ್ಪರ್ಧೆ, ದೂರದೇಶದ ಸಂಪರ್ಕ ಅಂತ ರಾತ್ರಿಯೆಲ್ಲ ಕೂರುವವರಿಗೆ, ಅಥವಾ ಹತ್ತಾರು ಜನ ಕಲಿಯುವ ಕಾಲೇಜಿನ ಕ್ಲಬ್ಬಿಗೆ ಐಸಿ-7300ರಂಥ ಸೆಟ್ಟು ಹಣಕ್ಕೆ ತಕ್ಕದ್ದು. ಅದರ ಪರದೆಯಲ್ಲಿ ಯಾವ ತರಂಗದಲ್ಲಿ ಯಾರು ಮಾತನಾಡುತ್ತಿದ್ದಾರೆಂದು ಕಣ್ಣಿಗೇ ಕಾಣುತ್ತದೆ, ಕಲಿಸುವುದು ಸುಲಭ. ನೆರೆಗೆಂದೇ ಎರಡು ಲಕ್ಷ ಕೂಡಿಸಿದ್ದರೆ ಒಂದೇ ಪೆಟ್ಟಿಗೆಗೆ ಸುರಿಯಬೇಡಿ. ನದಿಯ ಆಚೆ ಒಂದು, ಈಚೆ ಒಂದು, ಯಾದಗಿರಿಯಲ್ಲಿ ಒಂದು ಸಣ್ಣ ಸೆಟ್ಟು, ಬ್ಯಾಟರಿ, ಸೋಲಾರ್ ಫಲಕ, ತಂತಿ ಇರಲಿ. ಒಂದೇ ಕಡೆ ರೇಡಿಯೊ ಇದ್ದರೆ ಮಾತನಾಡುವುದು ಯಾರ ಜೊತೆ?

ಲೈಸೆನ್ಸ್ ಇಲ್ಲದೆ ಮುಟ್ಟಬೇಡಿ

ಹ್ಯಾಮ್ ಸೆಟ್ಟು ಬಳಸಲು ಕೇಂದ್ರ ದೂರಸಂಪರ್ಕ ಇಲಾಖೆಯ ಪರೀಕ್ಷೆ ಪಾಸಾಗಬೇಕು. 12 ವರ್ಷ ತುಂಬಿದವರು ಬರೆಯಬಹುದು. ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಸಂಕೇತ ಕಲಿಯಬೇಕಿಲ್ಲ, ಆದರೆ ಅವರ ಮಿತಿ 50 ವಾಟ್. ಹಾಗಾಗಿ ಹೊಸಬರು 200 ವಾಟಿನ ಸೆಟ್ಟು ತಂದರೂ ಕಾಲುಭಾಗಕ್ಕೆ ಇಳಿಸಿಯೇ ಬಳಸಬೇಕು. 400 ವಾಟ್‌ವರೆಗಿನ ಅವಕಾಶ ಜನರಲ್ ದರ್ಜೆಗೆ, ಅದಕ್ಕೆ ಮೋರ್ಸ್ ಪರೀಕ್ಷೆಯೂ ಇದೆ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ಪರೀಕ್ಷೆಗೆ ತರಬೇತಿ ಕೊಡುತ್ತದೆ.

ಆನ್‌ಲೈನ್‌ನಲ್ಲಿ "ಲೈಸೆನ್ಸ್ ಬೇಡ" ಎಂದು ಮಾರುವ ವಾಕಿಟಾಕಿಗಳ ಬಗ್ಗೆ ಎಚ್ಚರ. ಭಾರತದಲ್ಲಿ ಇವಕ್ಕೆ ಲೈಸೆನ್ಸ್ ವಿನಾಯಿತಿ ಇರುವುದು 446.0ರಿಂದ 446.2 ಮೆಗಾಹರ್ಟ್ಜ್ ನಡುವಿನ ಕಡಿಮೆ ಶಕ್ತಿಯ ಸೆಟ್ಟುಗಳಿಗೆ, ಅದೂ ಸರಕಾರದ ಅನುಮೋದನೆ ಪಡೆದ ಮಾದರಿಗಳಿಗೆ ಮಾತ್ರ. ನಿಯಮ ಮೀರಿ ಇವನ್ನು ಮಾರುತ್ತಿದ್ದ ಇ-ಕಾಮರ್ಸ್ ತಾಣಗಳಿಗೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2025ರಲ್ಲಿ ನೋಟಿಸ್ ಕೊಟ್ಟು, ಮಾರಾಟಕ್ಕೆ ಮಾರ್ಗಸೂಚಿಯನ್ನೂ ಹೊರಡಿಸಿದೆ. ಅಂಥ ಜಾಹೀರಾತಿನ ಲಿಂಕ್ ನಿಮ್ಮ ಗುಂಪಿಗೆ ಬಂದರೆ, ಮುಂದೆ ಕಳಿಸುವ ಮೊದಲು ಸೆಟ್ಟು ಯಾವ ತರಂಗಾಂತರದ್ದು, ಅನುಮೋದನೆ ಸಂಖ್ಯೆ ಇದೆಯೇ ಎಂದು ನೋಡಿ.